ಮಲೆನಾಡಿನ ಮಕ್ಕಳ ಸಮವಸ್ತ್ರ ಯಾಕೆ ನಾರುತ್ತದೆ?

ಸಂಪಾದಕರಿಗೆ ನಮಸ್ಕಾರ.

ಜೂನ್ ಬಂತೆಂದರೆ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ, ಎಲ್ಲ ಕಡೆ ಒಂದೇ ಸಲಹೆ ಶುರುವಾಗುತ್ತದೆ. ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಕೊನೆಯ ನೀರಿಗೆ ಒಂದು ಮುಚ್ಚಳ ಘಮಘಮ ಕಂಡೀಷನರ್ ಹಾಕಿ, ಬೀರುವಿನಲ್ಲಿ ಕರ್ಪೂರ ಇಡಿ, ಚೆನ್ನಾಗಿ ಬಿಸಿಲಿಗೆ ಹಾಕಿ ಅಂತ. ಯಾವ ಬಿಸಿಲು ಸ್ವಾಮಿ? ನಾನು ಬರೆಯುತ್ತಿರುವುದು ತೀರ್ಥಹಳ್ಳಿ ಕಡೆಯಿಂದ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ಸೂರ್ಯನ ಮುಖ ಕಾಣೋದೇ ಕಷ್ಟ.

ಈ ಪತ್ರ ಬರೆಯೋಕೆ ಕಾರಣ ಬೇರೆಯೇ ಇದೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಯೂನಿಫಾರ್ಮ್ ವಾಸನೆ ಬರುತ್ತದೆ ಅಂತ ಮಕ್ಕಳನ್ನು ಎದ್ದು ನಿಲ್ಲಿಸಿ, ‘ಮನೇಲಿ ಬಟ್ಟೆ ಒಗೆಯೋದಿಲ್ವಾ?’ ಅಂತ ಕೇಳಿದ್ದಾರೆ. ಒಗೆದಿದ್ದಾರೆ ಮೇಡಂ. ಹಿಂದಿನ ದಿನವೇ ಒಗೆದಿದ್ದಾರೆ. ಒಣಗಿಲ್ಲ, ಅಷ್ಟೇ. ಆ ಮಗುವಿನ ಅಂಗಿಯ ಕಾಲರ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಮೇಲೆ ಇಸ್ತ್ರಿ ಮಾಡಿದ ಹಾಗೆ ಬೆಚ್ಚಗೆ ಕಾಣುತ್ತದೆ, ಒಳಗಿನ ಗಟ್ಟಿ ಪಟ್ಟಿ ಇನ್ನೂ ತಣ್ಣಗೆ ಇರುತ್ತದೆ. ಚಡ್ಡಿಯ ಜೇಬು, ನಡುಪಟ್ಟಿ, ಲಂಗದ ನೆರಿಗೆ, ಎಲ್ಲೆಲ್ಲಿ ಬಟ್ಟೆ ಎರಡು ಪದರ ಇದೆಯೋ ಅಲ್ಲೆಲ್ಲ ಇದೇ ಕತೆ. ವಾಸನೆ ಹುಟ್ಟುವುದೂ ಅಲ್ಲೇ.

ಇದರ ಹಿಂದಿನ ಕಾರಣವನ್ನು ಜಪಾನಿನ ಸಂಶೋಧಕರು 2012ರಲ್ಲಿ ಹುಡುಕಿ ತೋರಿಸಿದ್ದಾರೆ. ಒಗೆದ ಬಟ್ಟೆ ಹಸಿಯಾಗಿಯೇ ತುಂಬಾ ಹೊತ್ತು ಇದ್ದಾಗ ಅದರಲ್ಲಿ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಟ್ಟೆಯಲ್ಲಿ ಉಳಿದ ಬೆವರು, ಮೈ ಜಿಡ್ಡು ತಿಂದು ಒಂದು ಬಗೆಯ ಆಮ್ಲ ಬಿಡುತ್ತದೆ. ಒದ್ದೆ ಒರೆಸುಬಟ್ಟೆಯ ಆ ಹಳಸಿದ ನಾತ ಇದೆಯಲ್ಲ, ಅದು ಇದೇ ಆಮ್ಲದ್ದು. ಇನ್ನೊಂದು ವಿಷಯ ಏನೆಂದರೆ, ಈ ಬ್ಯಾಕ್ಟೀರಿಯಾ ಬಟ್ಟೆ ಒಣಗಿದ ತಕ್ಷಣ ಸಾಯುವುದಿಲ್ಲ, ಬಿಸಿಲಿನ ನೇರಳಾತೀತ ಕಿರಣವನ್ನೂ ಸುಮಾರಾಗಿ ತಡೆದುಕೊಳ್ಳುತ್ತದೆ. ಅದಕ್ಕೇ ಬೀರುವಿನಿಂದ ತೆಗೆದಾಗ ಏನೂ ವಾಸನೆ ಇಲ್ಲದ ಅಂಗಿ, ಬಸ್ಸಿನಲ್ಲಿ ಸ್ವಲ್ಪ ಬೆವರುತ್ತಿದ್ದ ಹಾಗೆ ಮತ್ತೆ ನಾರಲು ಶುರುಮಾಡುತ್ತದೆ. ಕಂಡೀಷನರ್ ಹಾಕಿದರೆ ಆಗುವುದು ಇಷ್ಟೇ: ಮೊದಲ ಅರ್ಧ ಗಂಟೆ ಮಲ್ಲಿಗೆ, ಆಮೇಲೆ ಮಲ್ಲಿಗೆ ಸೇರಿದ ಮುಗ್ಗಲು.

ಬಟ್ಟೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 26 ಜನರಿಗೆ ವ್ಯಾಯಾಮದ ಸೈಕಲ್ ಜೋರಾಗಿ ತುಳಿಸಿ, ಅವರ ಬೆವರಿನ ಟೀ ಶರ್ಟುಗಳನ್ನು ಪರೀಕ್ಷೆ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರಿತು. ಪಾಲಿಯೆಸ್ಟರ್ ನೂಲು ನೀರು ಹೀರುವುದಿಲ್ಲ, ಆದರೆ ಮೈ ಎಣ್ಣೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಮಕ್ಕಳ ಯೂನಿಫಾರ್ಮ್ ಜಾಸ್ತಿ ಪಾಲಿಯೆಸ್ಟರ್ ಬೆರೆತದ್ದೇ ಅಲ್ವಾ? ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ ಅನ್ನೋದು ನಿಜ. ಕಂಕುಳ ವಾಸನೆ ಬಿಡದೇ ಇರೋದೂ ಅಷ್ಟೇ ನಿಜ.

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಬಚ್ಚಲಲ್ಲೇ ಇದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಕಡಿಮೆ, ಹಂಡೆಯಲ್ಲಿ ನೀರು ಸದಾ ಕಾದಿರುತ್ತದೆ. ಅದರಲ್ಲಿ ಸ್ನಾನ ಮಾಡುತ್ತೇವೆ, ಬಟ್ಟೆಗೆ ಮಾತ್ರ ತಣ್ಣೀರು. ಹಿಂದೆ ಮಡಿವಾಳರು ಬಟ್ಟೆಯನ್ನು ಸೋಡಾ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರಲ್ಲ, ಅವರು ಮಾಡುತ್ತಿದ್ದುದು ಇದೇ ಕೆಲಸ: ಬಿಸಿಗೆ ಜಿಡ್ಡು ಕರಗಬೇಕು, ಕ್ರಿಮಿ ಸಾಯಬೇಕು. ಸುಮಾರು 60 ಡಿಗ್ರಿ ಬಿಸಿ ಸಾಕು. ಥರ್ಮಾಮೀಟರ್ ಏನೂ ಬೇಡ. ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ, ಕೈ ಹಾಕಿದರೆ ಚುರುಗುಟ್ಟಿ ಹಿಂದೆ ತೆಗೆಯಬೇಕು. ಅದರಲ್ಲಿ ಸೋಪಿನ ಪುಡಿ ಕದಡಿ ಬಟ್ಟೆಯನ್ನು ಅರ್ಧ ಗಂಟೆ ಮುಳುಗಿಸಿಟ್ಟು, ಕೋಲಿನಿಂದ ಆಗಾಗ ಒತ್ತಿ, ಆಮೇಲೆ ಎಂದಿನಂತೆ ಒಗೆಯಿರಿ. ಟವೆಲ್, ಬೈರಾಸು, ಅಡಿಗೆಮನೆ ಒರೆಸುಬಟ್ಟೆ, ಬಿಳಿ ಬನಿಯನ್ ಇವನ್ನೆಲ್ಲ ಪೂರ್ತಿ ಕುದಿ ನೀರಿಗೇ ಹಾಕಬಹುದು. ಬಣ್ಣ ಬಿಡುವ ಬಟ್ಟೆ, ರೇಷ್ಮೆ, ಉಣ್ಣೆಗೆ ಮಾತ್ರ ಈ ಸಾಹಸ ಬೇಡ. ಇಷ್ಟಕ್ಕೂ ಬಗ್ಗದ ಹಳೇ ವಾಸನೆಯಿದ್ದರೆ ಆಕ್ಸಿಜನ್ ಬ್ಲೀಚ್ ಪುಡಿ ಸಿಗುತ್ತದೆ, ಪೊಟ್ಟಣದ ಮೇಲೆ ಸೋಡಿಯಂ ಪರ್ಕಾರ್ಬೊನೇಟ್ ಅಂತ ಇರುತ್ತದೆ. ಇದನ್ನು ಬಿಸಿನೀರಿಗೇ ಹಾಕಬೇಕು, ತಣ್ಣೀರಿಗೆ ಹಾಕಿದರೆ ದುಡ್ಡು ದಂಡ.

ಸೋಪಿನ ಪುಡಿ ವಿಷಯದಲ್ಲಿ ನಮ್ಮವರದು ಕೈ ಸ್ವಲ್ಪ ಧಾರಾಳ. ನೊರೆ ಬಂದಷ್ಟೂ ಶುದ್ಧ ಅನ್ನೋ ನಂಬಿಕೆ. ಸರಿಯಾಗಿ ಜಾಲಿಸದಿದ್ದರೆ ಪುಡಿಯ ಶೇಷ ನೂಲಿನಲ್ಲೇ ಉಳಿಯುತ್ತದೆ, ಕೊಳೆಯನ್ನೂ ಹಿಡಿದುಕೊಳ್ಳುತ್ತದೆ. ಕಂಡೀಷನರ್ ಟವೆಲ್ಲಿಗಂತೂ ಶತ್ರು. ಅದು ನೂಲಿನ ಮೇಲೆ ಜಾರುವ ಪದರ ಕೂರಿಸುತ್ತದೆ, ಮೆತ್ತಗಾಗುತ್ತದೆ ನಿಜ, ನೀರು ಮಾತ್ರ ಹೀರುವುದಿಲ್ಲ. ಕೊನೆಯ ಜಾಲಿಸುವ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿದರೆ ಆ ಶೇಷ ಹೋಗುತ್ತದೆ, ಒಣಗಿದ ಮೇಲೆ ವಿನೆಗರ್ ವಾಸನೆಯೂ ಉಳಿಯುವುದಿಲ್ಲ. ಆದರೆ ಒಂದು ಮಾತು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಸಂಪಾದಕರೇ: ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಬ್ಲೀಚ್ ಜೊತೆ ವಿನೆಗರ್, ನಿಂಬೆಹುಳಿ, ಕಕ್ಕಸು ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ನುಸಿಗುಳಿಗೆ ಬಗ್ಗೆಯೂ ಹೇಳಬೇಕು. ಮಗುವಿನ ಕುಲಾವಿ, ಹೊದಿಕೆ ಇಟ್ಟ ಪೆಟ್ಟಿಗೆಗೆ ನಾಫ್ತಲಿನ್ ಗುಳಿಗೆ ಹಾಕೋದು ಬೇಡ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವ ಎಳೆ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಲಾವಂಚದ ಬೇರು ಇಡಿ ಬೇಕಾದರೆ. ಅದೂ ಬಟ್ಟೆ ಗರಿಗರಿಯಾಗಿ ಒಣಗಿದ್ದರೆ ಮಾತ್ರ.

ಇನ್ನು ಒಣಗಿಸುವುದು, ಎಲ್ಲದಕ್ಕಿಂತ ಮುಖ್ಯವಾದದ್ದು. ಗಾಳಿಯಲ್ಲೇ ನೀರು ತುಂಬಿರುವಾಗ ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು ಹೇಳಿ. ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಎರಡು ಹಗ್ಗ ತುಂಬ ಬಟ್ಟೆ ಹರಡಿದರೆ ಕೋಣೆಯೇ ಒದ್ದೆಯಾಗುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಟ್ಟೆ ಹಾಗೇ ಇರುತ್ತದೆ. ಕಿಟಕಿ ಒಂದಿಷ್ಟು ತೆರೆದು ಫ್ಯಾನ್ ಹಾಕಿ. ಬಟ್ಟೆ ಬಟ್ಟೆಗೆ ಅಂಟದಂತೆ ಒಂದು ಗೇಣು ಬಿಡಿ. ಹಿಂಡಿದ ಮೇಲೆ ಒಣ ಟವೆಲ್ಲಿನಲ್ಲಿ ಸುತ್ತಿ ಕಾಲಲ್ಲಿ ತುಳಿದರೆ ಎಷ್ಟು ನೀರು ಬಿಡುತ್ತದೆ ಅಂದರೆ ನೀವೇ ಬೆರಗಾಗುತ್ತೀರಿ. ಜೇಬು ಹೊರಗೆ ಎಳೆದು, ಒಳಮೈ ಹೊರಗೆ ಮಾಡಿ, ಕಾಲರ್ ಎತ್ತಿ ಹಾಕಿ. ಮುಕ್ಕಾಲು ಒಣಗಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಕಾಲರ್, ನಡುಪಟ್ಟಿ ಮೇಲೆ ನಿಧಾನವಾಗಿ ಎಳೆದು, ಆ ಹಬೆ ಹೋಗುವವರೆಗೆ ಗಳದ ಮೇಲೆ ಬಿಟ್ಟು ಆಮೇಲೆ ಮಡಚಿ. ಬಚ್ಚಲ ಒಲೆಯ ಮೇಲೆ ಕಟ್ಟಿದರೂ ಒಣಗುತ್ತದೆ, ಹೊಗೆ ವಾಸನೆ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಮುಗ್ಗಲಿಗಿಂತ ಹೊಗೆ ವಾಸಿ, ಮೇಷ್ಟ್ರುಗಳು ಏನಂತಾರೋ ಗೊತ್ತಿಲ್ಲ.

ವಾಷಿಂಗ್ ಮೆಷಿನ್ ಇರುವವರು ಮುಂದಿನ ಬಾಗಿಲಿನ ರಬ್ಬರ್ ಮಡಿಕೆಯನ್ನು ಬೆರಳು ಹಾಕಿ ಒಮ್ಮೆ ನೋಡಿ, ಅಲ್ಲಿನ ಕಪ್ಪು ಲೋಳೆಯೇ ಅರ್ಧ ವಾಸನೆಗೆ ಮೂಲ. ಒಗೆದಾದ ಮೇಲೆ ಬಾಗಿಲು ತೆರೆದಿಡಿ. ಒಗೆದ ಬಟ್ಟೆಯನ್ನು ರಾತ್ರಿಯಿಡೀ ಒಳಗೇ ಬಿಡಬೇಡಿ. ಹತ್ತಿ ಹಾಸಿಗೆ, ಕಂಬಳಿಗೆ ಅಡಿಗೆ ಸೋಡಾ ಉದುರಿಸಿ ಕೆಲವು ಗಂಟೆ ಬಿಟ್ಟು ಕೊಡವಿದರೆ ವಾಸನೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗಲು ಬಿಸಿಲೇ ಬರಬೇಕು.

ಇಷ್ಟೆಲ್ಲ ಮನೆಯಲ್ಲಿ ಮಾಡಬಹುದು. ಆದರೆ ಲೆಕ್ಕ ನೋಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಿಗುವುದು ಎರಡು ಜೊತೆ ಸಮವಸ್ತ್ರ. ಸೋಮವಾರ ಒಂದು ನೆನೆಯಿತು, ಮಂಗಳವಾರ ಇನ್ನೊಂದು ನೆನೆಯಿತು. ಸೋಮವಾರದ್ದು ಒಣಗಲು ನಮ್ಮ ಕಡೆ ಎರಡು ಮೂರು ದಿನ ಬೇಕು. ಬುಧವಾರ ಮಗು ಏನು ಹಾಕಿಕೊಳ್ಳಬೇಕು? ಹಸಿಯದನ್ನೇ ಹಾಕಿಕೊಂಡು ಹೋಗುತ್ತದೆ, ಮೈ ಶಾಖಕ್ಕೆ ಅದು ಒಣಗುತ್ತದೆ, ತೊಡೆ ಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ, ಮೇಲಿಂದ ವಾಸನೆ ಅಂತ ಬೈಸಿಕೊಳ್ಳುತ್ತದೆ.

ಶಿಕ್ಷಣ ಇಲಾಖೆಯವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ ನಡುವೆ ಎರಡು ದಿನ ಬಣ್ಣದ ಬಟ್ಟೆಗೆ ಅವಕಾಶ ಕೊಡಿ, ಖಾಸಗಿ ಶಾಲೆಗಳಿಗೂ ಅದನ್ನೇ ಹೇಳಿ. ಒಂದು ಸುತ್ತೋಲೆ ಸಾಕು, ಕಾಸು ಖರ್ಚಿಲ್ಲ. ಹಾಸ್ಟೆಲ್ ಮಕ್ಕಳ ಪಾಡು ಇನ್ನೂ ಕಷ್ಟ, ಅವರಿಗೆ ಬಚ್ಚಲ ಒಲೆಯೂ ಇಲ್ಲ, ಮಂಚದ ಸರಳಿಗೇ ಬಟ್ಟೆ ನೇತುಹಾಕುತ್ತಾರೆ. ನಮ್ಮ ಕಡೆ ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿದ ಶೆಡ್ ಹಾಕುತ್ತಾರೆ. ಅಂಥದ್ದೇ ಒಂದನ್ನು ಪ್ರತಿ ಹಾಸ್ಟೆಲ್ ಹಿತ್ತಲಲ್ಲಿ ಹಾಕಿಸಿ, ಎರಡು ಪಕ್ಕ ಗಾಳಿ ಆಡಲು ಬಿಟ್ಟು, ಗೋಡೆಗೆ ಎರಡು ಫ್ಯಾನ್ ಕೂರಿಸಿದರೆ ಮಕ್ಕಳ ಬಟ್ಟೆ ಒಣಗುತ್ತದೆ. ಮುಂದಿನ ಮಳೆಗಾಲದ ಟೆಂಡರ್ ಕರೆಯುವಾಗಲಾದರೂ ಇದನ್ನು ಸೇರಿಸಿ.

ಇಂತಿ,
ಒಬ್ಬ ಪೋಷಕಿ, ತೀರ್ಥಹಳ್ಳಿ ತಾಲ್ಲೂಕು