ಟ್ಯಾಬ್ಲೆಟ್‌ನಲ್ಲಿ ಮಾಡಿದ್ದೆಲ್ಲ ಎಐ ಸಂಗೀತ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ, ಸಂಗೀತಗಾರರ ಅನ್ನಕ್ಕೆ ಯಂತ್ರ ಕೈ ಹಾಕಿದೆ ಎನ್ನುವ ಲೇಖನ ಓದಿದೆ. ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಸಾಲು ಬರೆದುಕೊಟ್ಟರೆ ಮೂರು ನಿಮಿಷದ ಹಾಡು ಉದುರಿಸುವ ಎಐ ಸೇವೆಗಳ ಮೇಲೆ ಸಿಟ್ಟು ಬರುವುದು ಸಹಜ. ಯಾರ್ಯಾರದೋ ಹಾಡು ಕೇಳಿಸಿ ಕಲಿಸಿದ ಯಂತ್ರ ಅದು. ಹಾಡಿದವರನ್ನು ಕೇಳಿದಿರಾ, ಕಾಸು ಕೊಟ್ಟಿರಾ ಅಂತ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು 2024ರಲ್ಲೇ ಕೋರ್ಟಿಗೆ ಹೋದವು. ಆದರೆ ಲೇಖನದ ಕೊನೆಯಲ್ಲಿ, ಟ್ಯಾಬ್ಲೆಟ್‌ನಲ್ಲಿ ಪ್ರಾಬಬಿಲಿಟಿ, ಅಂದರೆ ಸಾಧ್ಯತೆಯ ಲೆಕ್ಕ ಇಟ್ಟು ನುಡಿಸುವ ಸೀಕ್ವೆನ್ಸರ್ ಆ್ಯಪ್‌ಗಳನ್ನೂ ಅದೇ ಬುಟ್ಟಿಗೆ ಹಾಕಿ, ಬಟನ್ ಒತ್ತಿದರೆ ಸಾಕು ಅಂದುಬಿಟ್ಟಿದ್ದಾರಲ್ಲ, ಅದಕ್ಕೇ ಈ ಪತ್ರ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಆನ್‌ಲೈನ್ ಕ್ಲಾಸಿಗೆಂದು ಕೊಂಡ ಐಪ್ಯಾಡ್ ಈಗ ಪೂರ್ತಿ ಇದಕ್ಕೇ ಮೀಸಲು. ಪತ್ರ ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವುದಾದರೆ ಲೆಕ್ಕಗಳಿಗೆ ಹಾಕಬೇಡಿ.

ಸೀಕ್ವೆನ್ಸರ್ ಅಂದರೆ ಒಂದು ಸಾಲು ಮನೆಗಳು. ಸಾಮಾನ್ಯವಾಗಿ ಹದಿನಾರು. ಯಾವ ಮನೆಗೆ ಯಾವ ಸ್ವರ, ಯಾವ ಪೆಟ್ಟು ಅಂತ ನೀವು ತುಂಬುತ್ತೀರಿ. ಅದು ಎಡದಿಂದ ಬಲಕ್ಕೆ ಓದಿಕೊಂಡು ಹೋಗಿ ಮತ್ತೆ ಮೊದಲಿಗೆ ಬರುತ್ತದೆ. ಇಷ್ಟೇ ಇದ್ದರೆ ಎರಡು ನಿಮಿಷಕ್ಕೆ ತಲೆ ಚಿಟ್ಟು ಹಿಡಿಯುತ್ತದೆ. ಪ್ರಾಬಬಿಲಿಟಿ ಇರುವ ಆ್ಯಪ್‌ನಲ್ಲಿ ಪ್ರತಿ ಮನೆಗೂ ಇನ್ನೊಂದು ಸಂಖ್ಯೆ ಇಡಬಹುದು. 100 ಇಟ್ಟರೆ ಆ ಸ್ವರ ಪ್ರತಿ ಸುತ್ತಿಗೂ ಬರುತ್ತದೆ. 25 ಇಟ್ಟರೆ ನಾಲ್ಕು ಸುತ್ತಿಗೆ ಒಂದು ಸಲ, ಅದೂ ಸರಾಸರಿ. ಎರಡು ಸುತ್ತು ಬೆನ್ನುಬೆನ್ನಿಗೆ ಬಂದು, ಆಮೇಲೆ ಹತ್ತು ಸುತ್ತು ನಾಪತ್ತೆಯಾಗಿ, ಇನ್ನು ಬರಲ್ಲ ಬಿಡು ಅಂದುಕೊಂಡಾಗ ಟಣ್ ಅಂತ ಕೇಳಿಸಬಹುದು.

ಎಂಟು ಸ್ವರದ ಒಂದು ಸಾಲು ಬರೆದು ಎಲ್ಲಕ್ಕೂ 75 ಇಡಿ. ಒಂದೊಂದನ್ನೇ ನೋಡಿದರೆ ಎಲ್ಲವೂ ಹೆಚ್ಚಾಗಿ ಬರುವ ಸ್ವರಗಳೇ. ಆದರೂ ನೀವು ಬರೆದ ಸಾಲು ಪೂರ್ತಿ ಕೇಳಿಸುವುದು ಹತ್ತು ಸುತ್ತಿಗೆ ಹೆಚ್ಚುಕಡಿಮೆ ಒಂದೇ ಸಲ. 0.75 ಅನ್ನು ಎಂಟು ಸಲ ಗುಣಿಸಿ ನೋಡಿ, 0.1 ಬರುತ್ತದೆ. ಇದನ್ನೇ ಬೋರ್ಡಿನ ಮೇಲೆ ಬರೆದಾಗ ಹುಡುಗರು ಆಕಳಿಸುತ್ತಿದ್ದರು. ದ್ವಿತೀಯ ಪಿಯು ಓದುವ ನನ್ನ ತಂಗಿಯ ಮಗಳಿಗೆ ಕೇಳಿಸಿದೆ. "ಮಾವ, ಇದು ಬೇಕಂತಲೇ ತಪ್ಪಿಸ್ತಿದೆ" ಅಂದಳು. ಹಾಗಾದರೆ ಎಷ್ಟು ಇಟ್ಟರೆ ಎರಡು ಸುತ್ತಿಗೊಮ್ಮೆ ಪೂರ್ತಿ ಬರುತ್ತೆ ಹೇಳು ಅಂದೆ. ಅವಳೇ ಫೋನಿನಲ್ಲಿ ಒತ್ತಿ ನೋಡಿ 92ರ ಹತ್ತಿರ ಬಂದಳು. ಪುಸ್ತಕದಲ್ಲಿ ಅದೇ ಅಧ್ಯಾಯ ಮುಗಿಸಿದ್ದಳು, ಆದರೆ ಈ ಲೆಕ್ಕ ಕೇಳಿಸುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಇಲ್ಲಿ ಯಂತ್ರ ಯಾರ ಹಾಡನ್ನೂ ಕೇಳಿಲ್ಲ, ಕಲಿತಿಲ್ಲ. ಅದಕ್ಕೆ ರಾಗವೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಗೊತ್ತಿರುವುದು ದಾಳ ಹಾಕುವುದು ಮಾತ್ರ. ಅದನ್ನೂ ನೀವು ಎಲ್ಲಿ ಜಾಗ ಬಿಟ್ಟಿದ್ದೀರೋ ಅಲ್ಲಿ ಮಾತ್ರ, ನೀವು ಇಟ್ಟ ತೂಕಕ್ಕೆ ತಕ್ಕಂತೆ ಮಾತ್ರ. ನಮ್ಮ ಚೌಕಾಬಾರದ ಕವಡೆ ನೆನಪಿಸಿಕೊಳ್ಳಿ. ನಾಲ್ಕು ಕವಡೆ ಹಾಕಿದರೆ ಎರಡು ಬೀಳುವುದು ಜಾಸ್ತಿ, ನಾಲ್ಕೋ ಎಂಟೋ ಬೀಳುವುದು ಅಪರೂಪ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ ಎರಡಕ್ಕೆ 16ರಲ್ಲಿ 6 ಸಾಧ್ಯತೆ, ನಾಲ್ಕಕ್ಕೆ 16ರಲ್ಲಿ 1, ಎಂಟಕ್ಕೂ 1. ಅಪರೂಪ ಆದದ್ದಕ್ಕೇ ಅವಕ್ಕೆ ಇನ್ನೊಂದು ಆಟ ಕೊಟ್ಟಿರುವುದು. ಆಟ ಕಟ್ಟಿದವರು ಈ ತೂಕ ತಿಳಿದೇ ಕಟ್ಟಿದ್ದಾರೆ. ಸೀಕ್ವೆನ್ಸರ್ ಮುಂದೆ ಕೂತವರು ಮಾಡುವುದೂ ಅದನ್ನೇ. ಷಡ್ಜ ಎಂದೂ ತಪ್ಪಬಾರದು, 100. ಪಂಚಮ 80. ಧೈವತ ಮಾತ್ರ 15, ಯಾಕೆಂದರೆ ಅದು ಬಂದಾಗ ಕಿವಿ ನಿಮಿರಬೇಕು. ಈ 15 ಅನ್ನು ಯಾವ ಆ್ಯಪ್ ಕೂಡ ಹೇಳಿಕೊಡುವುದಿಲ್ಲ. 30 ಇಟ್ಟು ಕೇಳಬೇಕು, ಜಾಸ್ತಿ ಆಯಿತು ಅನ್ನಿಸಬೇಕು, ಇಳಿಸಬೇಕು.

ಇದು ಮೊನ್ನೆ ಮೊನ್ನೆ ಹುಟ್ಟಿದ ಹುಚ್ಚೂ ಅಲ್ಲ. 1790ರ ದಶಕದಲ್ಲಿ, ಮೊಜಾರ್ಟ್ ಹೆಸರು ಹಾಕಿ ಯುರೋಪಿನಲ್ಲಿ ಒಂದು ದಾಳದ ಆಟ ಅಚ್ಚಾಯಿತು. ನಿಜಕ್ಕೂ ಅವರೇ ಮಾಡಿದ್ದು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಆ ಕಾಲಕ್ಕೆ ಇಂಥ ಆಟಗಳು ಬೇಕಾದಷ್ಟಿದ್ದವು. ಎರಡು ದಾಳ ಹಾಕಿ, ಬಿದ್ದ ಸಂಖ್ಯೆಗೆ ತಕ್ಕ ತುಣುಕು ಆರಿಸಿ, ಹದಿನಾರು ತುಣುಕು ಜೋಡಿಸಿದರೆ ಒಂದು ನೃತ್ಯ ಸಂಗೀತ. ಪ್ರತಿ ಜಾಗಕ್ಕೂ 11 ಆಯ್ಕೆ, ಒಟ್ಟು 176 ತುಣುಕು. ಇಲ್ಲಿ ಗಣಿತದವನ ಕಣ್ಣಿಗೆ ಬೀಳುವುದೇ ಬೇರೆ. ಎರಡು ದಾಳದಲ್ಲಿ ಏಳು ಬೀಳುವ ಸಾಧ್ಯತೆ 36ರಲ್ಲಿ 6, ಎರಡು ಬೀಳುವುದು 36ರಲ್ಲಿ 1. ಅಂದರೆ ಏಳರ ಸಾಲಿನ ತುಣುಕುಗಳು ಆರು ಪಟ್ಟು ಹೆಚ್ಚು ಕೇಳಿಸುತ್ತವೆ!

ದಾಳವೇ ಇಲ್ಲದ ದಾರಿಯೂ ಇದೆ. ನನಗೆ ಅದೇ ಹೆಚ್ಚು ಇಷ್ಟ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಮಾಡಿದ ಸಂಗೀತದ ಒಂದು ಭಾಗದಲ್ಲಿ ಟೇಪಿನ ತುಂಡುಗಳನ್ನು ಬಳೆಯಂತೆ ಅಂಟಿಸಿ ತಿರುಗಿಸಿದ್ದರು. ಒಂದು ಸ್ವರ 23 ಸೆಕೆಂಡು ಚಿಲ್ಲರೆಗೊಮ್ಮೆ, ಇನ್ನೊಂದು 25 ಚಿಲ್ಲರೆಗೆ, ಮತ್ತೊಂದು 30ಕ್ಕೆ ಸ್ವಲ್ಪ ಕಮ್ಮಿ. ಬೇಗ ತಾಳೆಯಾಗದ ಅಳತೆಗಳು. ಪ್ರತಿ ಸುತ್ತಿಗೂ ಸ್ವರಗಳು ಬೇರೆ ಬೇರೆ ಜಾಗದಲ್ಲಿ ಒಂದನ್ನೊಂದು ಭೇಟಿಯಾಗುತ್ತವೆ. ಟ್ಯಾಬ್ಲೆಟ್‌ನಲ್ಲಿ ಇದಕ್ಕೆ ಟೇಪು, ಕತ್ತರಿ ಏನೂ ಬೇಡ. ಒಂದು ಸಾಲಿಗೆ 7 ಮನೆ, ಇನ್ನೊಂದಕ್ಕೆ 11, ಮತ್ತೊಂದಕ್ಕೆ 13 ಇಟ್ಟುಬಿಡಿ. ಮನೆಗೆ ಒಂದು ಸೆಕೆಂಡು ಅಂದರೆ ಮೂರೂ ಮತ್ತೆ ಒಟ್ಟಿಗೆ ಮೊದಲ ಮನೆಗೆ ಬರುವುದು 1001 ಸೆಕೆಂಡಿಗೆ, ಸುಮಾರು 17 ನಿಮಿಷ. ಇದಕ್ಕೆ ಬೇಕಾದದ್ದು ಹೈಸ್ಕೂಲಿನ ಲ.ಸಾ.ಅ. ಅಷ್ಟೇ. ಈನೋ ಅವರೇ ಮುಂದೆ 1996ರಲ್ಲಿ ಕೋಆನ್ ಎಂಬ ಸಾಫ್ಟ್‌ವೇರ್ ಬಳಸಿ ಮಾಡಿದ ಸಂಗೀತವನ್ನು ಫ್ಲಾಪಿಯಲ್ಲಿ ಹೊರಗೆ ತಂದರು. 2008ರಲ್ಲಿ ಪೀಟರ್ ಚಿಲ್ವರ್ಸ್ ಜೊತೆ ಬ್ಲೂಮ್ ಎಂಬ ಐಫೋನ್ ಆ್ಯಪ್ ಮಾಡಿದರು. ಕೋಆನ್ ಮಾಡಿದ ಕೋಲ್ ಸಹೋದರರ ಈಗಿನ ಆ್ಯಪ್ ಹೆಸರು ವೋಟ್ಜಾ.

ನಾನು ಬಳಸುವುದರಲ್ಲಿ ರೊಝೆಟಾ ಒಂದು, ನೆದರ್ಲೆಂಡ್ಸ್‌ನ ಬ್ರಾಮ್ ಬೋಸ್ ಮಾಡಿದ್ದು. ಅದು ಸ್ವತಃ ಸದ್ದು ಮಾಡುವುದಿಲ್ಲ. ಯಾವ ಸ್ವರ ಯಾವಾಗ ಅಂತ ಹೇಳುವ ಮಿಡಿ ಸಂದೇಶ ಕಳಿಸುತ್ತದೆ, ಸದ್ದು ಮಾಡುವುದು ಬೇರೆ ಸಿಂಥ್ ಆ್ಯಪ್, ಎರಡನ್ನೂ ಕೂಡಿಸುವುದು ಎಯುಎಂ ಎಂಬ ಮಿಕ್ಸರ್. ಇದನ್ನೆಲ್ಲ ಜೋಡಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಬಟನ್ ಒತ್ತಿದರೆ ಸಾಕು ಅಂದವರು ಇಲ್ಲಿಗೆ ಬಂದು ಕೂರಲಿ. ಡ್ರಮ್ಮಿಗೆ ಪ್ಯಾಟರ್ನಿಂಗ್ ಎಂಬ ಆ್ಯಪ್ ಚೆನ್ನಾಗಿದೆ. ಅದರಲ್ಲಿ ಮನೆಗಳು ಸಾಲಾಗಿಲ್ಲ, ಚಕ್ರದಂತೆ ಇವೆ. ನಮ್ಮವರಿಗೆ ತಾಳದ ಆವರ್ತ ಅಂದ ಕೂಡಲೇ ಕಣ್ಣಿಗೆ ಬರುವ ಆಕಾರವೇ ಅದು.

ಆವರ್ತ ಅಂದಾಗ ನೆನಪಾಯಿತು. ಇಂಥ ಎಷ್ಟೋ ಆ್ಯಪ್‌ಗಳಲ್ಲಿ ಯೂಕ್ಲಿಡ್ ಹೆಸರಿನ ಲಯ ಇರುತ್ತದೆ. ಇಷ್ಟು ಮನೆಗೆ ಇಷ್ಟು ಪೆಟ್ಟು ಅಂತ ಹೇಳಿದರೆ ಸಾಧ್ಯವಾದಷ್ಟು ಸಮನಾಗಿ ಹಂಚಿಕೊಡುತ್ತದೆ. ಮ.ಸಾ.ಅ. ಕಂಡುಹಿಡಿಯುವ ಯೂಕ್ಲಿಡ್ ವಿಧಾನದಿಂದಲೇ ಜಗತ್ತಿನ ಎಷ್ಟೋ ಸಾಂಪ್ರದಾಯಿಕ ಲಯಗಳು ಸಿಗುತ್ತವೆ ಅಂತ ಕೆನಡಾದ ಕಂಪ್ಯೂಟರ್ ವಿಜ್ಞಾನಿ ಗಾಡ್‌ಫ್ರೀಡ್ ಟೂಸೆಂಟ್ 2005ರಲ್ಲಿ ತೋರಿಸಿದ್ದರು. ಐದು ಮನೆಗೆ ಎರಡು ಪೆಟ್ಟು ಅನ್ನಿ, 2+3 ಬರುತ್ತದೆ. ನಮ್ಮ ಖಂಡ ಚಾಪು ತಾಳ. ಏಳಕ್ಕೆ ಮೂರು ಅನ್ನಿ, 2+2+3 ಬರುತ್ತದೆ. ಅದನ್ನು ಸ್ವಲ್ಪ ತಿರುಗಿಸಿ 3+2+2 ಮಾಡಿದರೆ ಮಿಶ್ರ ಚಾಪು, ತಕಿಟ ತಕ ದಿಮಿ. ನಮ್ಮ ಬೀದಿಯಲ್ಲಿ ಮೃದಂಗ ಹೇಳಿಕೊಡುವವರಿಗೆ ತೋರಿಸಿದೆ. ಒಂದು ಕ್ಷಣ ನೋಡಿ, ಇದಕ್ಕೆ ಆ್ಯಪ್ ಯಾಕ್ರೀ ಬೇಕು ಅಂದರು. ಅದೂ ನ್ಯಾಯವೇ.

ರಾಗದ ವಿಷಯಕ್ಕೆ ಬಂದರೆ ನಾನು ಆ್ಯಪ್‌ನ ವಕೀಲ ಅಲ್ಲ. ಯಾರಾದರೂ ಮೋಹನ ರಾಗ ಹಾಕಿದ್ದೇನೆ ಅಂತ ಕೇಳಿಸಿದರೆ ಅದು ಸರಿಗಪದ ಅಷ್ಟೇ, ಮೋಹನ ಅಲ್ಲ. ಈ ಐದು ಸ್ವರ ಇಟ್ಟರೆ ಹೇಗೆ ಬಿದ್ದರೂ ಇಂಪಾಗಿಯೇ ಇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಇಂಥ ಸಂಗೀತದಲ್ಲಿ ಬಹುಪಾಲು ಹೀಗೇ ಇದೆ. ಐದು ಸ್ವರ, ಗಂಟೆಯ ಸದ್ದು, ಬಾವಿಯೊಳಗಿಂದ ಬಂದಂಥ ಪ್ರತಿಧ್ವನಿ. ತಪ್ಪಾಗಲು ಜಾಗವೇ ಇಲ್ಲದ ಕಡೆ ಕೇಳಲು ಏನಿರುತ್ತದೆ ಹೇಳಿ.

ಬಿಲಹರಿ ಇಟ್ಟು ನೋಡಿ, ಆಗ ಆ್ಯಪ್ ಬೆವರುತ್ತದೆ. ಹತ್ತುವಾಗ ಸರಿಗಪದಸ, ಇಳಿಯುವಾಗ ಸನಿದಪಮಗರಿಸ. ಮಧ್ಯಮ ಬರಬಹುದೋ ಬೇಡವೋ ಅನ್ನುವುದು ನೀವು ಈಗ ಹತ್ತುತ್ತಿದ್ದೀರೋ ಇಳಿಯುತ್ತಿದ್ದೀರೋ ಅನ್ನುವುದರ ಮೇಲೆ ನಿಂತಿದೆ. ಮನೆಗೊಂದು ಸಂಖ್ಯೆ ಇಟ್ಟರೆ ಇದು ಆಗುವುದಿಲ್ಲ. ಹಿಂದೆ ಏನಾಯಿತು ಅನ್ನುವುದನ್ನು ಹಿಡಿದು ಮುಂದಿನ ಸಾಧ್ಯತೆ ಹೇಳಬೇಕು. ರಷ್ಯಾದ ಗಣಿತಜ್ಞ ಮಾರ್ಕೋವ್ 1913ರಲ್ಲಿ ಮಾಡಿದ್ದು ಇಂಥದ್ದೇ. ಪುಷ್ಕಿನ್ ಕಾವ್ಯದ 20,000 ಅಕ್ಷರ ಕೂತು ಎಣಿಸಿ, ಸ್ವರಾಕ್ಷರದ ಬೆನ್ನಿಗೆ ವ್ಯಂಜನ ಎಷ್ಟು ಸಲ, ಸ್ವರಾಕ್ಷರವೇ ಎಷ್ಟು ಸಲ ಅಂತ ಲೆಕ್ಕ ತೆಗೆದರು. 1957ರ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಇದೇ ಲೆಕ್ಕವನ್ನೂ ಸೇರಿಸಿ ಕಂಪ್ಯೂಟರಿನಿಂದ ನಾಲ್ಕು ತಂತಿವಾದ್ಯಗಳಿಗೆ ಸಂಗೀತ ಬರೆಸಿದ್ದರು. ಈಗಿನ ಕೆಲವು ಆ್ಯಪ್‌ಗಳೂ ಈ ದಾರಿ ಹಿಡಿದಿವೆ. ವೋಟ್ಜಾದಲ್ಲಿ ಹಿಂದಿನ ಸ್ವರದಿಂದ ಎಷ್ಟು ದೂರ ಹಾರಬಹುದು ಅನ್ನುವುದಕ್ಕೂ ತೂಕ ಇಡಬಹುದು. ನಾನು ಆರೋಹಕ್ಕೊಂದು ಸಾಲು, ಅವರೋಹಕ್ಕೊಂದು ಸಾಲು ಬೇರೆ ಬೇರೆ ಮಾಡಿ ಸಂಭಾಳಿಸುತ್ತೇನೆ. ಹೀಗೆಲ್ಲ ಮಾಡಿದರೂ ಗಮಕ ಬರುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವುದು, ತೂಗುವುದು ಮನೆಗಳಿಗೆ ಸಿಗುವ ವಸ್ತುವಲ್ಲ. ಹಾಗಾಗಿ ಸಂಗೀತದ ಮೇಷ್ಟ್ರುಗಳು ಹೆದರಬೇಕಾಗಿಲ್ಲ. ಆದರೆ ಒಂದು ರಾಗದ ನಿಯಮ ಎಷ್ಟು ಬಿಗಿ, ಎಲ್ಲಿ ಸಡಿಲ ಅಂತ ನನಗೆ ಕಚೇರಿ ಕೇಳಿದಾಗಿಂತ ಈ ಆ್ಯಪ್‌ಗೆ ಬಿಲಹರಿ ಅರ್ಥ ಮಾಡಿಸಲು ಹೋದಾಗ ಜಾಸ್ತಿ ಗೊತ್ತಾಯಿತು.

ಹೊಸದಾಗಿ ಶುರು ಮಾಡುವವರಿಗೆ ಒಂದು ಕಿವಿಮಾತು. ಚೆನ್ನಾಗಿ ಬಂತು ಅನ್ನಿಸಿದರೆ ಆಗಲೇ ರೆಕಾರ್ಡ್ ಮಾಡಿಕೊಳ್ಳಿ. ಆ ಸುತ್ತು ಮತ್ತೆ ಬರಲ್ಲ. ಹದಿನಾರು ಮನೆಗೂ 50 ಇಟ್ಟರೆ 65,536 ಬಗೆಯಲ್ಲಿ ಬರಬಹುದು, ಅದೇ ಬರಲಿ ಅಂತ ಕಾಯುತ್ತಾ ಕೂತರೆ ಬೆಳಗಾಗುತ್ತದೆ.

ಕೊನೆಗೆ ದುಡ್ಡಿನ ಮಾತು. ಐಪ್ಯಾಡ್ ಎಲ್ಲರಿಗೂ ಎಟುಕುವುದಿಲ್ಲ, ಆಂಡ್ರಾಯ್ಡ್‌ನಲ್ಲಿ ಇಂಥ ಆ್ಯಪ್‌ಗಳು ಕಡಿಮೆ. ಇದು ನಿಜವಾದ ಕೊರತೆ, ನಿಮ್ಮ ಲೇಖಕರು ಇದನ್ನು ಬರೆದಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆದರೆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಇದ್ದರೂ ಕೆಲಸ ನಡೆಯುತ್ತದೆ. ಇಂಗ್ಲೆಂಡಿನ ಸ್ಯಾಮ್ ಆರನ್ ಮಾಡಿದ, ಕೋಡ್ ಬರೆದು ಸಂಗೀತ ನುಡಿಸುವ ಸೋನಿಕ್ ಪೈ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ‘ಒನ್ ಇನ್ 3’ ಅಂತ ಬರೆದರೆ ಸರಾಸರಿ ಮೂರಕ್ಕೆ ಒಂದು ಸಲ ಸ್ವರ ಬರುತ್ತದೆ. ತಮಾಷೆ ಅಂದರೆ, ನಿಲ್ಲಿಸಿ ಮತ್ತೆ ಓಡಿಸಿದರೆ ಅದೇ ಕ್ರಮದಲ್ಲಿ ಬರುತ್ತದೆ! ಕಂಪ್ಯೂಟರಿನ ದಾಳವೂ ಒಂದು ಲೆಕ್ಕವೇ, ಸೀಡ್ ಎಂಬ ಮೊದಲ ಸಂಖ್ಯೆ ಬದಲಾಯಿಸಿದರೆ ಮಾತ್ರ ಬೇರೆ ಬರುತ್ತದೆ. ಇದನ್ನು ಒಂದು ಪೀರಿಯಡ್‌ನಲ್ಲಿ ತೋರಿಸಬಹುದು. ದ್ವಿತೀಯ ಪಿಯು ಗಣಿತದ ಪುಸ್ತಕದಲ್ಲಿ ಪ್ರಾಬಬಿಲಿಟಿ ಕೊನೆಯ ಅಧ್ಯಾಯ. ಪರೀಕ್ಷೆ ಹತ್ತಿರ ಬಂದಿರುತ್ತದೆ, ಎಲ್ಲರೂ ಓಡಿಸುತ್ತಾರೆ, ನಾನೂ ಓಡಿಸಿದವನೇ. ಈಗ ಪಾಠ ಮಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಲ್ಯಾಬಿನಲ್ಲಿ ಒಂದು ಸ್ಪೀಕರ್ ಇಡಿಸಿ ನೋಡಿ.

ಸಂಪಾದಕರೇ, ಮುಂದಿನ ಸಲ ಈ ವಿಷಯ ಹಾಕುವಾಗ, ಕನಿಷ್ಠ ಒಂದು ಸೀಕ್ವೆನ್ಸರ್ ತೆರೆದು ಒಂದು ಸಂಜೆಯಾದರೂ ಕೂತವರ ಕೈಲಿ ಬರೆಸಿ. ಬೈಯಬೇಕಾದ್ದನ್ನು ಅವರೂ ಬೈಯುತ್ತಾರೆ, ಆದರೆ ಸರಿಯಾದ ಜಾಗಕ್ಕೆ ಬೈಯುತ್ತಾರೆ.

– ನಿವೃತ್ತ ಗಣಿತ ಉಪನ್ಯಾಸಕ, ಶಿವಮೊಗ್ಗ