ಹೆಸರು ತಿಳಿಯದ ನಿಮಗೆ
ಆರೋಪಪಟ್ಟಿ ಕೈಗೆ ಬಂದ ಮೇಲೆ ಸಲಹೆಗಾರರಿಗೇನೂ ಬರವಿರಲಿಲ್ಲ. ಕೆಲಸಕ್ಕೆ ಬಂದದ್ದು ನ್ಯಾಯಾಲಯದ ಬೆಂಚಿನ ಮೇಲೆ ನೀವಾಡಿದ ಮಾತು. ದೂರದ ಹೆಸರಾಂತರಿಗಿಂತ ಇದೇ ನ್ಯಾಯಾಲಯದಲ್ಲಿ ದಿನವೂ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲರನ್ನು ಹುಡುಕಿ ಎಂದಿರಿ. ಗೆಲುವಿನ ಖಾತರಿ ಕೊಡುವವರ ಹತ್ತಿರ ಸುಳಿಯಬೇಡಿ, ಶುಲ್ಕದಲ್ಲಿ ಏನೇನು ಸೇರಿದೆಯೆಂದು ಬರೆಸಿಕೊಳ್ಳಿ, ವಾದಿಸುವವರು ಆ ವಕೀಲರೋ ಅವರ ಕೈಕೆಳಗಿನ ಕಿರಿಯರೋ ಕೇಳಿ ಎಂದು ನನ್ನ ಕಡತದ ಹಿಂಬದಿಯಲ್ಲೇ ಪೆನ್ಸಿಲಿನಲ್ಲಿ ಗೀಚಿಕೊಟ್ಟಿರಿ. ಹಾಗೆ ಸಿಕ್ಕ ವಕೀಲರು ಆರೋಪಪಟ್ಟಿಯನ್ನು ಸಾಲುಸಾಲಾಗಿ ಓದಿ, ಇಬ್ಬರು ಸಾಕ್ಷಿಗಳು ಹೇಳಿದ ಸಮಯ ತಾಳೆಯಾಗದ ಕಡೆ ಗೆರೆ ಎಳೆದರು. ಪ್ರಕರಣದ ಬಗ್ಗೆ ಎಲ್ಲೂ ಬಾಯಿಬಿಡಬೇಡಿ ಎಂದು ತಾಕೀತು ಮಾಡಿದರು. (ನೆಂಟರ ಬಾಯಿಗೆ ಬೀಗ ಹಾಕಲು ಯಾವ ವಕೀಲರಿಂದಲೂ ಆಗದು ಬಿಡಿ.) ಜಾಮೀನು ಸಿಕ್ಕಿದೆ, ವಿಚಾರಣೆ ಬಾಕಿಯಿದೆ. ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿದ್ದಿರಿ. ಮನಃಪೂರ್ವಕ ಧನ್ಯವಾದಗಳು.