ಸಾಲ್ಕಣಿಯವರಿಗೆ, ಅವರ ಜೊತೆ ನಿಂತವರಿಗೆ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಪ್ಲೈವುಡ್ ಕಾರ್ಖಾನೆಗಾಗಿ ಕಡಿಯಬೇಕೆಂದು ಗುರುತು ಬಿದ್ದಿದ್ದ ಮರಗಳನ್ನು ತಬ್ಬಿ ನಿಂತರು. 38 ದಿನ ಹಿಡಿದ ಪಟ್ಟು ಬಿಡಲಿಲ್ಲ. ಕಡಿತದ ಆದೇಶ ವಾಪಸಾಯಿತು. ಹೀಗೆ ಶುರುವಾದ ಅಪ್ಪಿಕೊ ಚಳವಳಿ 40 ವರ್ಷ ದಾಟಿದೆ. ಆ ಕಾಡಿನ ನೀರು ಕುಡಿದು, ಸೊಪ್ಪು ತಂದು ಬದುಕುತ್ತಿರುವ ನಾವು ಕೃತಜ್ಞತೆ ಹೇಳುವುದು ಬಾಕಿಯಿದೆ.

ಮೊದಲು, ಮರ ತಬ್ಬಿದ ಅಮ್ಮಂದಿರಿಗೆ, ಅಕ್ಕತಂಗಿಯರಿಗೆ, ಯುವಕ ಮಂಡಳಿಯ ಹುಡುಗರಿಗೆ. ಫೋಟೋದಲ್ಲಿ ಕಾಣುವಷ್ಟು ಸಲೀಸಾದ ಕೆಲಸವಲ್ಲ ಅದು. ಕಡಿಯುವವರಿಗಿಂತ ಮೊದಲೇ ಕಾಡು ಸೇರಬೇಕು. ಒಂದು ಬದಿ ಆಳವಾಗಿ ಕಚ್ಚು ಬಿದ್ದ ಮರ ಗಾಳಿಗೂ ಉರುಳಬಹುದು, ಆಮೇಲೆ ಅದನ್ನು ತಬ್ಬಿ ಪ್ರಯೋಜನವಿಲ್ಲ, ಜೀವಕ್ಕೂ ಅಪಾಯ. ಒಂದು ಮರ ಹಿಡಿದರೆ ಕೊಡಲಿ ಪಕ್ಕದ ಮರಕ್ಕೆ ಹೋಗುತ್ತದೆ. ಹಾಗಾಗಿ ಎಷ್ಟು ಮರ ಎನ್ನುವುದಕ್ಕಿಂತ ಕಡಿಯುವ ತಂಡ ಎಷ್ಟು ಎಂದು ನೋಡಿ, ಪ್ರತಿ ತಂಡದ ಬೆನ್ನಿಗೆ ಜನ ಇರಬೇಕು. ಸೆಪ್ಟೆಂಬರ್ ಎಂದರೆ ಮಳೆ ಇನ್ನೂ ಬಿಡದ ಕಾಲ. ಕಾಲಿಗೆ ಉಂಬಳ, ಮನೆಯಲ್ಲಿ ಹಾಲು ಕರೆಯುವ ಕೆಲಸ. ಇಷ್ಟರ ನಡುವೆ ಪಾಳಿ ತಪ್ಪಿಸದೆ ನಿಂತಿರಿ.

ಮರ ತಬ್ಬಿ ಉಳಿಸಿದ ಹಿಮಾಲಯದ ಚಿಪ್ಕೊ ಚಳವಳಿಯ ಅನುಭವವನ್ನು ಇಲ್ಲಿಗೆ ತಂದ ಸುಂದರಲಾಲ್ ಬಹುಗುಣರಿಗೆ, ಅದನ್ನು ಊರೂರಿಗೆ ಹೊತ್ತು ನಡೆದ ಪಾಂಡುರಂಗ ಹೆಗಡೆಯವರಿಗೆ ವಂದನೆ.

‘ಬೇಕಾದ ಮರವನ್ನಷ್ಟೇ ಆರಿಸಿ ಕಡಿಯುತ್ತೇವೆ, ಕಾಡು ಹಾಳಾಗುವುದಿಲ್ಲ’ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಅದನ್ನು ನಂಬದೆ ಕಾಡಿನೊಳಗೆ ಹೋಗಿ ಲೆಕ್ಕ ಹಾಕಿದವರಿಗೆ ನಮ್ಮ ವಿಶೇಷ ವಂದನೆ. ಪ್ಲೈವುಡ್ಡಿಗೆ ಬೇಕಾದದ್ದು ಕಾಡುಮಾವು, ಸಾಲುಧೂಪದಂಥ ನೇರ, ದಪ್ಪ ಬೊಡ್ಡೆ. ಇಲ್ಲಿನ ನಿತ್ಯಹಸಿರು ಕಾಡಿನಲ್ಲಿ ದಪ್ಪ ಬಳ್ಳಿಗಳು ಮರದಿಂದ ಮರಕ್ಕೆ ಹೆಣೆದುಕೊಂಡಿರುತ್ತವೆ. ಒಂದು ಬಿದ್ದರೆ ಅಕ್ಕಪಕ್ಕದವನ್ನೂ ಎಳೆದುಕೊಂಡೇ ಬೀಳುತ್ತದೆ. ದಿಮ್ಮಿ ಎಳೆಯುವ ದಾರಿಯಲ್ಲಿ ಎಳೆಯ ಸಸಿಗಳು ನೆಲಸಮವಾಗಿ ಮಣ್ಣು ಗಟ್ಟಿಯಾಗುತ್ತದೆ. ಅಲ್ಲಿ ನೀರು ಇಂಗುವುದಿಲ್ಲ, ಹರಿದುಹೋಗುತ್ತದೆ. ಮೇಲಿನ ಚಪ್ಪರ ತೆರೆದ ಜಾಗಕ್ಕೆ ಬಿಸಿಲು ಬಿದ್ದರೆ ನೆರಳಿನಲ್ಲಷ್ಟೇ ಬೆಳೆಯುವ ಸಸಿಗಳು ಒಣಗಿ, ಲಂಟಾನ ಏಳುತ್ತದೆ. ಸಾಲುಧೂಪದ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿದ್ದು ಮತ್ತೆ ಚಿಗುರುತ್ತದೆ ಎಂಬ ಆಸೆ ಇಲ್ಲ. ತಾಯಿಮರ ಹೋದರೆ ಆ ಜಾಗದಲ್ಲಿ ಅದರ ಸಂತತಿಯೂ ಹೋದಂತೆ.

ಇದನ್ನು ತೋರಿಸಿಕೊಡಲು ಬೇಕಾದದ್ದು ಟೇಪು, ನೋಟ್‌ಬುಕ್ಕು, ತಾಳ್ಮೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ಹಿಡಿಯಬೇಕು. ಇಳಿಜಾರಿದ್ದರೆ ಮೇಲಿನ ಬದಿಯಿಂದ, ಬೇರು ಹಲಗೆಯಂತೆ ಚಾಚಿದ್ದರೆ ಅದರ ಮೇಲಕ್ಕೆ. ಕಡಿದಾದ ಮೇಲಾದರೆ ಮೋಟುಗಳನ್ನು ಒಂದೊಂದಾಗಿ ಎಣಿಸಿ, ಅರಣ್ಯ ಇಲಾಖೆಯ ಸುತ್ತಿಗೆಯ ಗುರುತು ಇದ್ದದ್ದು, ಇಲ್ಲದ್ದು, ಪೆಟ್ಟು ತಿಂದು ಮುರಿದದ್ದು ಎಂದು ಬೇರೆ ಬೇರೆ ಬರೆಯಬೇಕು. ಈ ಮೂರನೆಯ ಪಟ್ಟಿಯೇ ದೊಡ್ಡ ಸಾಕ್ಷಿ, ಯಾಕೆಂದರೆ ಗುತ್ತಿಗೆಯ ಕಾಗದದಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಅವರಿಗೂ ಉತ್ತರ ಕನ್ನಡ ಋಣಿ. ಕಾಗದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿದ ಕಾಲ ಇತ್ತು. ಬಿದಿರು ಬರಿದಾದಾಗ ದೂರು ಬಿದ್ದದ್ದು ಹಳ್ಳಿಯವರ ದನಗಳ ಮೇಲೆ. ಇವರು ಮೆಳೆಗಳ ನಡುವೆ ಓಡಾಡಿ, ಹಳ್ಳಿಯವರ ಮಾತು ಕೇಳಿ, ಅಳೆದು ನೋಡಿದರು. ಮೆಳೆ ಸ್ವಚ್ಛವಾಗಿರಲಿ ಎಂದು ಬುಡದ ಮುಳ್ಳು ಸವರುತ್ತಿದ್ದದ್ದೇ ತಪ್ಪಾಗಿತ್ತು. ಹೊಸ ಕಳಲೆಗೆ ಆ ಮುಳ್ಳೇ ಬೇಲಿ. ಅದು ಹೋದ ಮೇಲೆ ಮುಸಿಯ, ಮುಳ್ಳುಹಂದಿ, ದನ ಎಲ್ಲವಕ್ಕೂ ಕಳಲೆ ಸಲೀಸಾಗಿ ಸಿಕ್ಕಿತು. ಜೊತೆಗೆ ಕಾರ್ಖಾನೆಯ ಮಿತಿಮೀರಿದ ಕಟಾವು. ಹಳ್ಳಿಯವರು ಹೇಳಿದ ಕಾರಣ ವಿಜ್ಞಾನದ ವರದಿಯಾಗಿ ಬಂದಾಗ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಿರಲಿಲ್ಲ.

1987ರ ನವೆಂಬರಿನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಊರ ಸಾಮೂಹಿಕ ಜಮೀನಿನಲ್ಲಿ ಹಾಕಿದ್ದ ನೀಲಗಿರಿ ಕಿತ್ತು, ಜನರಿಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹಿಗಳಿಗೂ, ಗೋಮಾಳಕ್ಕಾಗಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಶಿವರಾಮ ಕಾರಂತ, ಎಸ್.ಆರ್. ಹಿರೇಮಠರಿಗೂ ನಮಸ್ಕಾರ. ಕೈಗಾರಿಕೆಗೆ ರಿಯಾಯಿತಿ ದರದಲ್ಲಿ ಕಾಡಿನ ಸರಕು ಕೊಡುವುದು ನಿಲ್ಲಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. ಅದರ ಹಿಂದೆ ಇಂಥ ಹೋರಾಟಗಳ ಬೆವರಿದೆ.

ಇನ್ನು ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯ ಕೊನೆಯ ಮಾತನ್ನು ಹೊತ್ತವರು. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು, ತರಗು ತರುವ ಕಾಡಿನ ಸವಲತ್ತು ನಮ್ಮ ಸೀಮೆಯಲ್ಲಿದೆ. ಅದನ್ನು ಬೋಳು ಮಾಡಿ ಕಂಪನಿಯನ್ನು ದೂರುವುದು ಸಲ್ಲದು ಎಂದು ಎದುರಿಗೇ ಹೇಳಿದಿರಿ. ತುದಿಕೊಂಬೆ ಬಿಟ್ಟು ಸವರಲು, ಒಣಗಿದ ಎಲೆ ಗುಡಿಸುವಾಗ ಸಸಿ ತಪ್ಪಿಸಲು ಕಲಿಸಿದಿರಿ. ಮನೆಮನೆಯಲ್ಲಿ ಕಟ್ಟಿಕೊಟ್ಟ, ಕಡಿಮೆ ಸೌದೆ ಸಾಕಾಗುವ ‘ಅಸ್ತ್ರ’ ಒಲೆಗಾಗಿ ನಿಮಗೂ, ಅದನ್ನು ರೂಪಿಸಿದ ಭಾರತೀಯ ವಿಜ್ಞಾನ ಸಂಸ್ಥೆಯವರಿಗೂ ವಂದನೆ. ಪಾತ್ರೆಯ ಅಳತೆಗೆ ಸರಿಯಾಗಿ ಕಣ್ಣು ಕೂರದಿದ್ದರೆ ಬಿಸಿ ಸೋರುತ್ತದೆ, ಹೊಗೆಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಅಡುಗೆಮನೆಗೇ ತಿರುಗುತ್ತದೆ. ಕಟ್ಟಿದ ಮೇಲೂ ಮತ್ತೆ ಮತ್ತೆ ಬಂದು ಇವೆರಡನ್ನೂ ಸರಿಮಾಡಿಕೊಟ್ಟವರ ಕೆಲಸಕ್ಕೂ ಮರ ತಬ್ಬಿದವರ ಕೆಲಸಕ್ಕೂ ನಾವು ಭೇದ ಎಣಿಸುವುದಿಲ್ಲ.